ಗುರುಬಸವ್ವನ ಕಡಗ

ಕ್ರಿ.ಶ. ೨೩೮೭, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ
ಉದರವಿದ್ಯಾಶಾಲೆ, ಘಟಪ್ರಭೆಯ ಬಲದಂಡೆ

ಪ್ರಿಯ ತಸ್ಲೀಮಾ ನದಾಫ ಅವರಿಗೆ,

ತಿಂಗಳ ಸಂಖ್ಯೆಯನ್ನು ಕಂಡು, ಇದು ಯಾರದೋ ಕುಚೇಷ್ಟೆಯೆಂದು ಕಾಗದವನ್ನು ಮಡಚಿಡಬೇಡಿ. ನಿಮ್ಮ ಹನ್ನೆರಡು ತಿಂಗಳುಗಳು ಒಂದು ಉದ್ದ ಒಂದು ಗಿಡ್ಡವಾಗಿದ್ದವೆಂದು, ನಿಮಗಿಂತ ಬಹಳ ಕಾಲದ ನಂತರ ಬಂದವರು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳುಗಳನ್ನು ಮಾಡಿಕೊಂಡರು. ಉಳಿಯುವ ಒಂದು ದಿನ ಯಾವ ತಿಂಗಳಿಗೂ ಸೇರಿಲ್ಲ. ಅಂದು ಶಾಲೆಗೆ ರಜೆ. ನನ್ನ ಮಾತಿನ ವಿಚಿತ್ರವನ್ನೂ ಕ್ಷಮಿಸಬೇಕು. ನಿಮಗೆ ಹಳಗನ್ನಡ ಹೇಗೋ ನಮಗೆ ನಿಮ್ಮ ಕನ್ನಡ ಹಾಗೆ, ಓದಿ ಕಲಿತದ್ದು. ನಾನು ಅದನ್ನು ಕಲಿತದ್ದು ಹಳೆಯ ದಿನಪತ್ರಿಕೆಗಳಿಂದ ಮತ್ತು ಔಷಧದ ಪೊಟ್ಟಣಗಳೊಳಗೆ ಮಡಚಿಟ್ಟಿರುತ್ತಿದ್ದ ಚೀಟಿಗಳಿಂದ. ಆದ್ದರಿಂದ ಅಕ್ಕರೆಯ ಮಾತನ್ನು ಆಡುವಾಗಲೂ ನಾನು ಸರ್ಕಾರಿ ಪ್ರಕಟಣೆ ಹೊರಡಿಸಿದಂತೆ ನಿಮಗೆ ಕೇಳಿಸಬಹುದು. ಅದು ಕಲಿಕೆಯ ದೋಷ, ಮನಸ್ಸಿನದಲ್ಲ.

ನನ್ನ ಹೆಸರು ಇರಾವತಿ. ಉದರವಿದ್ಯೆ ಕಲಿಯಲು ಬರುವ ಹದಿನೆಂಟು ಹತ್ತೊಂಬತ್ತರ ಮಕ್ಕಳಿಗೆ ನಲವತ್ತೆರಡು ವರ್ಷ ಪಾಠ ಹೇಳಿದ್ದೇನೆ. ನಿವೃತ್ತರಾಗುವ ಪ್ರತಿಯೊಬ್ಬ ಬೋಧಕರಿಗೂ ನಮ್ಮಲ್ಲಿ ಒಂದು ಹಿಂದೋಲೆಯ ಹಕ್ಕಿದೆ. ಹಿಂದೋಲೆಯೆಂದರೆ ಕಳೆದುಹೋದ ಕಾಲದ ಯಾರಾದರೂ ಒಬ್ಬರಿಗೆ ಬರೆಯಬಹುದಾದ ಒಂದೇ ಒಂದು ಕಾಗದ. ಬಾದಾಮಿಯ ಕೆಂಪು ಬಂಡೆಗಳ ಒಳಗೆ ಕಟ್ಟಿದ ಯಂತ್ರಶಾಲೆಯವರು ಅದನ್ನು ಕಳಿಸುತ್ತಾರೆ. ಯುದ್ಧಗಳ ಸುದ್ದಿ ಬರೆಯುವಂತಿಲ್ಲ, ಬೆಲೆಗಳ ಸುದ್ದಿ ಬರೆಯುವಂತಿಲ್ಲ, ಯಾರ ಮರಣದ ದಿನವನ್ನೂ ಹೇಳುವಂತಿಲ್ಲ. ಕಾಗದ ತಲುಪುತ್ತದೆಯೆ ಎಂದು ಕೇಳಿದರೆ ಅಲ್ಲಿಯವರು ಸೌಜನ್ಯದಿಂದ ನಗುತ್ತಾರೆ. ನನ್ನ ಸಹೋದ್ಯೋಗಿಗಳು ಸಾಮಾನ್ಯವಾಗಿ ತಮ್ಮ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಇದು ನಿಮ್ಮ ೨೦೧೭ರ ಮೇ ಹದಿನಾಲ್ಕರ ಭಾನುವಾರ ಸಂಜೆ, ಹುಬ್ಬಳ್ಳಿಯಲ್ಲಿ, ನಿಮ್ಮ ಕೈಸೇರಬೇಕೆಂದು ಕೋರಿದ್ದೇನೆ.

ಏಕೆಂದರೆ ನಾಳೆ ಬೆಳಿಗ್ಗೆ ನೀವು ಕೆಲಸಕ್ಕೆ ರಾಜೀನಾಮೆ ಕೊಡಲಿದ್ದೀರಿ. ನಿಮಗೆ ಇಪ್ಪತ್ತಾರು ವರ್ಷ. ಮೂರು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಆಹಾರ ಸಲಹೆಗಾರ್ತಿಯಾಗಿದ್ದೀರಿ. ಗುರುಬಸವ್ವ ಹಿರೇಮಠ ಎಂಬ ಅಡುಗೆಯ ಹೆಂಗಸಿನ ವಿಷಯದಲ್ಲಿ ಸೋತಿರೆಂದೂ, ಈ ಕೆಲಸಕ್ಕೆ ತಕ್ಕವರಲ್ಲವೆಂದೂ ನಿಮ್ಮ ವಹಿಯ ಕೊನೆಯ ಪುಟದಲ್ಲಿ ಬರೆದಿದ್ದೀರಿ. ನೀವು ಸೋಲಲಿಲ್ಲವೆಂದು ಹೇಳುವುದಕ್ಕೆ ನಾನು ಮುನ್ನೂರ ಎಪ್ಪತ್ತು ವರ್ಷಗಳ ಆಚೆಯಿಂದ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕಾಗುತ್ತದೆ. ತಾಳ್ಮೆಯಿಂದ ಓದಿ, ಗುಡ್ಡದ ಆಕಾರ ಅದನ್ನು ಹತ್ತುತ್ತಿರುವವರಿಗೆ ಕಾಣುವುದಿಲ್ಲ.

ನಮ್ಮಲ್ಲಿರುವುದು ಇಷ್ಟು: ನಿಮ್ಮ ಕೈಬರಹದ ವಹಿ, ಮತ್ತು ರೋಗಿಗಳೊಡನೆ ಮಾತಾಡಲು ಆಸ್ಪತ್ರೆ ನಿಮಗೆ ಕೊಟ್ಟಿದ್ದ ಫೋನು. ಎರಡೂ ಒಂದು ಅಂಟಿಸಿದ ಲಕೋಟೆಯೊಳಗೆ, ಉಕ್ಕಿನ ಕಪಾಟೊಂದರ ತಳದಲ್ಲಿ ಸಿಕ್ಕವು. ಫೋನಿನೊಳಗೆ ಗುರುಬಸವ್ವ ನಿಮಗೆ ಕಳಿಸಿದ ಧ್ವನಿಸಂದೇಶಗಳಿವೆ. ಆಕೆಗೆ ಬರೆಯುವುದು ಬೇಸರ, ಹೇಳುವುದು ಇಷ್ಟ. ಹಿಂದೆ ಪಾತ್ರೆಗಳ ಸದ್ದು, ಒಲೆಯ ಸದ್ದು, ಯಾರೋ ಬೈಯುವ ಸದ್ದು. ನಮ್ಮ ಮಕ್ಕಳು ಮೊದಲ ವರ್ಷ ಇವನ್ನು ಕೇಳಿ ಕಲಿಯುತ್ತಾರೆ.

ನಮ್ಮ ಕಾಲವನ್ನು ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ನಮ್ಮ ಬೆರಗು ನಿಮಗೆ ತಿಳಿಯದು. ನಮ್ಮಲ್ಲಿ ಮಗುವಿಗೆ ಏಳು ತುಂಬಿದಾಗ ಹೊಕ್ಕುಳ ಹಿಂದೆ ಒಂದು ತಣಿಬೀಜವನ್ನು ಇಡುತ್ತಾರೆ. ಎಳ್ಳುಕಾಳಿನಷ್ಟು ಚಿಕ್ಕದು. ಹೊಟ್ಟೆಯೂ ಕರುಳೂ ಮಿದುಳಿಗೆ ಕಳಿಸುವ ಸುದ್ದಿಗಳನ್ನು ಅದು ನಡುವೆ ನಿಂತು ಓದಿ, ದೇಹಕ್ಕೆ ಬೇಕಾದಷ್ಟು ಸಿಕ್ಕಿದ ಕೂಡಲೆ ಹಸಿವನ್ನು ಆರಿಸುತ್ತದೆ. ಆದ್ದರಿಂದ ನಮ್ಮಲ್ಲಿ ಊಟವೆಂಬುದು ಜಗಳವಿಲ್ಲದ ವಿಷಯ. ಬೆಳಿಗ್ಗೆ ತೇಲುದೋಟಗಳಿಂದ ಸೊಪ್ಪು ಬರುತ್ತದೆ. ಘಟಪ್ರಭೆಯ ಮೇಲೆ ಕಟ್ಟಿದ ಹಲಗೆಗಳಲ್ಲಿ ಜೋಳವೂ ಬೆಳೆಯುತ್ತದೆ, ನಿಮ್ಮ ಜೋಳಕ್ಕಿಂತ ಕುಳ್ಳು, ತೆನೆ ನೀಲಿ. ಬೀದಿಗೊಂದು ಕೂಡೊಲೆ ಇರುತ್ತದೆ, ಎಂದರೆ ಮೂವತ್ತು ಮನೆಗಳ ಒಂದೇ ಅಡುಗೆಮನೆ. ಸರದಿಯ ಮೇಲೆ ಎಲ್ಲರೂ ರೊಟ್ಟಿ ಬಡಿಯುತ್ತಾರೆ, ನಾನೂ, ನನ್ನ ರೊಟ್ಟಿ ಇಂದಿಗೂ ದುಂಡಗಾಗಿಲ್ಲ. ತಿನ್ನುತ್ತೇವೆ, ಸಾಕಾಗುತ್ತದೆ, ಏಳುತ್ತೇವೆ. ತೂಕದ ಕಾರಣಕ್ಕೆ ಮಂಡಿ ಸವೆದವರನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ. ಇದು ದೊಡ್ಡ ವರ. ಆದರೆ 'ಸಾಕು' ಎಂಬ ಮಾತನ್ನು ನಾವು ನಾವಾಗಿ ಎಂದೂ ಹೇಳಿಲ್ಲ. ನಮ್ಮ ಪರವಾಗಿ ಬೀಜ ಹೇಳುತ್ತದೆ.

ಹೀಗಿರುವುದರಿಂದ ಮೊದಲ ವರ್ಷದ ಮಕ್ಕಳಿಗೆ ನಿಮ್ಮ ಕಾಲದ ಹೊಟ್ಟೆಪಟ್ಟಿಯನ್ನು ತೋರಿಸಿದಾಗ ಅವರು ನಗುತ್ತಾರೆ. ಶಾಲೆಯಲ್ಲಿ ಒಂದು ಪಟ್ಟಿಯನ್ನು ಗಾಜಿನಡಿ ಇಟ್ಟಿದ್ದೇವೆ. ಮೆತ್ತನೆಯ ಸಿಲಿಕೋನಿನ ಬಳೆ. ಅದರ ಒಳಮೈ ಪೊಳ್ಳು. ಅಲ್ಲಿಂದ ಹೊರಟ ತೆಳುವಾದ ಕೊಳವೆಯ ತುದಿಯಲ್ಲಿ ಅಂಗಿಯ ಗುಂಡಿಗಿಂತ ತುಸು ದೊಡ್ಡದೊಂದು ಬಿಲ್ಲೆ. ಬಳೆಯನ್ನು ಜಠರದ ಮೇಲ್ಭಾಗಕ್ಕೆ ತೊಡಿಸುತ್ತಿದ್ದರು, ಬಿಲ್ಲೆಯನ್ನು ಚರ್ಮದಡಿ ಹೊಲಿಯುತ್ತಿದ್ದರು. ಬಿಲ್ಲೆಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಬಿಗಿಯಾಗುತ್ತಿತ್ತು, ತೆಗೆದರೆ ಸಡಿಲವಾಗುತ್ತಿತ್ತು. ಬಳೆಯ ಮೇಲೆ ಉಳಿಯುವ ಪುಟ್ಟ ಚೀಲ ನಾಲ್ಕಾರು ತುತ್ತಿಗೆ ತುಂಬಿ, ಹೊಟ್ಟೆ ತುಂಬಿತೆಂದು ಸುದ್ದಿ ಕಳಿಸುತ್ತಿತ್ತು. ಈ ವರ್ಷ ಬಂದ ಸುರಹೊನ್ನೆ ಎಂಬ ಹುಡುಗಿ ಅದನ್ನು ನೋಡಿ, "ಗುರುಗಳೆ, ಇವರು ಹೊಟ್ಟೆಗೂ ಒಡವೆ ಹಾಕುತ್ತಿದ್ದರೆ?" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಎಂದಿನಂತೆ ಎಲ್ಲರ ತಣಿಬೀಜಗಳನ್ನು ಒಂದು ವಾರ ಮಲಗಿಸಿದೆ.

ಅದನ್ನು ನಾವು ಹಸಿವಿನ ವಾರ ಎನ್ನುತ್ತೇವೆ. ಎರಡನೆಯ ದಿನ ಒಬ್ಬ ಹುಡುಗ ಕೂಡೊಲೆಯ ಬಾಗಿಲಲ್ಲಿ ಕುಳಿತು ಅತ್ತ. ಮೂರನೆಯ ದಿನ ಇಬ್ಬರು ಒಂದು ಬೆಲ್ಲದ ತುಂಡಿಗೆ ಜಗಳಾಡಿ ಮಾತು ಬಿಟ್ಟರು. ಐದನೆಯ ದಿನ ಸುರಹೊನ್ನೆ ನನ್ನ ಬಳಿ ಬಂದು, ನಗದೆ, ತಗ್ಗಿದ ದನಿಯಲ್ಲಿ ಕೇಳಿದಳು: "ಈ ಹಸಿವನ್ನು ಒಳಗೆ ಇಟ್ಟುಕೊಂಡೇ ಗುರುಬಸವ್ವ ದಿನವೆಲ್ಲ ಹೋಳಿಗೆಯ ಮುಂದೆ ನಿಲ್ಲುತ್ತಿದ್ದಳೆ?" ಹೌದು, ನಿಲ್ಲುತ್ತಿದ್ದಳು ಎಂದೆ. ಆ ಹುಡುಗಿ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ತಸ್ಲೀಮಾ, ಹೀಗೆ ಆ ಪೆಟ್ಟಿಗೆಯ ಮುಂದೆ ಬಂದು ನಿಲ್ಲುವವರನ್ನು ನಲವತ್ತೆರಡು ವರ್ಷಗಳಲ್ಲಿ ನಾನು ಪ್ರತಿ ವರ್ಷ ನೋಡಿದ್ದೇನೆ.

ಈಗ ಗುರುಬಸವ್ವನ ಮಾತಿಗೆ ಬರುತ್ತೇನೆ. ೨೦೧೪ರ ಫೆಬ್ರವರಿಯಲ್ಲಿ ಆಕೆ ನಿಮ್ಮ ಆಸ್ಪತ್ರೆಗೆ ಬಂದಾಗ ವಯಸ್ಸು ನಲವತ್ತನಾಲ್ಕು, ತೂಕ ನೂರ ಇಪ್ಪತ್ತೊಂದು ಕಿಲೋ. ಸಕ್ಕರೆ ಕಾಯಿಲೆಗೆ ದಿನಕ್ಕೆ ನಾಲ್ಕು ಮಾತ್ರೆ, ರಕ್ತದೊತ್ತಡಕ್ಕೆ ಎರಡು. ಮಲಗಿದರೆ ಉಸಿರು ಕಟ್ಟಿ ಎಚ್ಚರವಾಗುತ್ತಿತ್ತು. ಎರಡು ವರ್ಷಗಳಿಂದ ಗೋಡೆಗೊರಗಿ ಕುಳಿತೇ ನಿದ್ದೆ. ಗದಗಿನ ಸುತ್ತಮುತ್ತ ಮದುವೆಗಳಿಗೆ ಹೋಳಿಗೆ ಮಾಡಿಕೊಡುವುದು ಆಕೆಯ ಕಸುಬು. ಏನಾಗಬೇಕೆಂದು ಬಯಸುತ್ತೀರಿ ಎಂದು ನೀವು ಕೇಳಿದ್ದಿರಿ. ಆಕೆ ತೂಕದ ಅಂಕೆಯನ್ನು ಹೇಳಲಿಲ್ಲ. ಆಕೆಯ ಉತ್ತರವನ್ನು ಆಡಿದ ಮಾತಿನಲ್ಲೇ ಬರೆದುಕೊಂಡಿದ್ದೀರಿ: "ಇಪ್ಪತ್ತ್ ವರ್ಷ ಮಂದಿಗಿ ಪಂಕ್ತ್ಯಾಗ ಬಡಸೇನ್ರಿ ಮೇಡಮ್ಮಾರ. ನಾ ಒಮ್ಮಿ ನೆಲದ ಮ್ಯಾಲ ಪಂಕ್ತ್ಯಾಗ ಕುಂತು ಉಂಡು, ಯಾರ ಕೈನೂ ಹಿಡೀದ ಏಳಬೇಕ್ರಿ. ಅಷ್ಟ."

ವೈದ್ಯರು ಅಪಾಯಗಳನ್ನು ಮುಚ್ಚಿಡಲಿಲ್ಲ. ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅರಿವಳಿಕೆಯ ಅಪಾಯ, ರಕ್ತ ಹೆಪ್ಪುಗಟ್ಟುವ ಅಪಾಯ, ಬಿಲ್ಲೆಯ ಬಳಿ ಕೀವಾಗುವುದು, ಕೊಳವೆ ಸೋರುವುದು, ಬಳೆ ಜಾರುವುದು, ಕೆಲವೊಮ್ಮೆ ಅದು ಜಠರದ ಗೋಡೆಯನ್ನೇ ಕೊರೆಯುವುದು. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಹಲವರಿಗೆ ಕೆಲವು ವರ್ಷಗಳ ನಂತರ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಜಠರವನ್ನೇ ಕತ್ತರಿಸಿ ಕಿರಿದಾಗಿಸುವ ಬೇರೆ ವಿಧಾನಗಳಲ್ಲಿ ತೂಕ ಹೆಚ್ಚು ಇಳಿಯುತ್ತದೆ, ಪಟ್ಟಿಯಲ್ಲಿ ನಿಧಾನ. ಎಷ್ಟೋ ವೈದ್ಯರು ಆಗಲೇ ಪಟ್ಟಿಯನ್ನು ಬಿಡತೊಡಗಿದ್ದರು. ಇದೆಲ್ಲವನ್ನೂ ಕೇಳಿದ ಗುರುಬಸವ್ವ ಒಂದೇ ಪ್ರಶ್ನೆ ಕೇಳಿದಳು: "ಬ್ಯಾಡಾದ್ರ ತಗೀಲಿಕ್ಕ ಬರ್ತೈತೇನ್ರಿ?" ಬರುತ್ತದೆ ಎಂದರು. "ಹಂಗಾರ ಅದನ್ನ ಹಾಕ್ರಿ. ಕೊಯ್ದದ್ದು ತಿರುಗಿ ಹಚ್ಚಲಿಕ್ಕ ಬರೂದುಲ್ಲ." ತನ್ನ ದೇಹದ ಬಗ್ಗೆ ಇಷ್ಟು ಸ್ಪಷ್ಟವಾಗಿ ಯೋಚಿಸಿದವರು ನಮ್ಮಲ್ಲಿ ಕಡಿಮೆ. ನಮಗೆ ಯೋಚಿಸುವ ಅಗತ್ಯವೇ ಬರುವುದಿಲ್ಲ.

ಮಾರ್ಚಿನಲ್ಲಿ ಐದು ಸಣ್ಣ ರಂಧ್ರಗಳ ಮೂಲಕ ಬಳೆಯನ್ನು ತೊಡಿಸಿದರು. ಆಕೆ ಅದನ್ನು ಕಡಗವೆಂದು ಕರೆದಳು. ಎರಡು ವಾರ ತಿಳಿಗಂಜಿ, ಮತ್ತೆರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಗಟ್ಟಿ ಊಟ: ಬೆರಳ ತುದಿಯಷ್ಟು ತುತ್ತು, ಇಪ್ಪತ್ತೈದು ಸಲ ಅಗಿಯುವುದು, ಊಟದ ನಡುವೆ ನೀರಿಲ್ಲ. ಜೂನಿನ ಒಂದು ಮುಂಜಾನೆಯ ಸಂದೇಶ ಹೀಗಿದೆ: "ತಂಗಿ, ಮಲಗಿ ನಿದ್ದಿ ಮಾಡೀನಿ. ಅಡ್ಡಾಗಿ. ಎದ್ದ ಮ್ಯಾಲ ನನಗ ಗೊತ್ತಾಗವಲ್ದು, ನಾ ಎಲ್ಲಿದೀನಿ ಅಂತ. ಮಾಳಗಿ ಕಾಣಸ್ತಿತ್ತು. ಎರಡ ವರ್ಷ ಆತು, ಮಾಳಗಿ ನೋಡೇ ಇದ್ದಿಲ್ಲ." ಈ ಸಂದೇಶದ ಹೊತ್ತಿಗೆ ಆಕೆ ನಿಮ್ಮನ್ನು ಮೇಡಮ್ಮಾರ ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದ್ದಳು. ಆರು ತಿಂಗಳಲ್ಲಿ ತೂಕ ನೂರ ನಾಲ್ಕು. ಸಕ್ಕರೆಯ ಮಾತ್ರೆ ನಾಲ್ಕರಿಂದ ಎರಡು. ಒತ್ತಡದ ಮಾತ್ರೆ ಒಂದು. ಉಪ್ಪುನೀರಿನ ಕೆಲವೇ ಹನಿಗಳು ಒಂದು ಸಂಸಾರದ ಮುಂಜಾವುಗಳನ್ನು ಬದಲಿಸಿದವು.

ಅಲ್ಲಿಂದ ಅದು ನಿಂತಿತು. ನಿಂತದ್ದು ಏರತೊಡಗಿತು. ನಿಮ್ಮ ವೈದ್ಯರು ಬಳೆಯನ್ನು ಎರಡು ಬಾರಿ ಬಿಗಿ ಮಾಡಿದರು. ರೊಟ್ಟಿ ಇಳಿಯದಾಯಿತು, ಪಲ್ಯ ಇಳಿಯದಾಯಿತು, ಎದೆಯುರಿ, ವಾಂತಿ. ಆದರೂ ತಕ್ಕಡಿ ನೂರ ಎಂಟು ತೋರಿಸಿತು. ಊಟ ಬರೆದುಕೊಳ್ಳುವ ನಿಮ್ಮ ನಮೂನೆಯಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಎಂಬ ಮೂರು ಅಂಕಣಗಳಿದ್ದವು. ಮೂರರಲ್ಲೂ ಆಕೆ ಹೇಳಿದ್ದು ಸತ್ಯ, ನೀವು ಬರೆದದ್ದು ಸತ್ಯ, ಮತ್ತು ಒಟ್ಟು ಮೊತ್ತ ಸುಳ್ಳು. ಆಸ್ಪತ್ರೆಯ ಒಬ್ಬರು, ಈಕೆ ಕದ್ದು ತಿನ್ನುತ್ತಾಳೆ ಎಂದರು. ನೀವು ಒಪ್ಪಲಿಲ್ಲ. ರಜೆ ಹಾಕಿ, ಬಸ್ಸು ಹತ್ತಿ, ಗದಗಿನ ಒಂದು ಕಲ್ಯಾಣಮಂಟಪದ ಅಡುಗೆಮನೆಗೆ ಹೋಗಿ, ಮುಂಜಾನೆ ಏಳರಿಂದ ಮೂಲೆಯಲ್ಲೊಂದು ಸ್ಟೂಲಿನ ಮೇಲೆ ಕುಳಿತಿರಿ. ಹಿಂದಿರುಗುವಾಗ ಬಸ್ಸಿನಲ್ಲೇ, ಅಕ್ಷರಗಳು ಕುಲುಕಾಡುತ್ತಿದ್ದರೂ, ಅಲ್ಲಿ ಆಡಿದ ಮಾತುಗಳನ್ನು ಬರೆದಿಟ್ಟಿರಿ. ಆ ಪುಟವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹನ್ನೊಂದು ಗಂಟೆಗೆ ನೀವು ಕೇಳಿದಿರಿ:

"ಅಕ್ಕಾರ, ಮುಂಜಾನಿಂದ ಏನ್ ತಿಂದ್ರಿ?"

"ಏನೂ ಇಲ್ಲವಾ. ಒಂದ್ ಕಪ್ ಚಾ, ಅದೂ ಸಕ್ರಿ ಇಲ್ಲದ್ದು. ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ? ಬೇಕಾರ ಶಾಂತವ್ವನ್ನ ಕೇಳು."

ಹಿಟ್ಟು ನಾದುತ್ತಿದ್ದ ಶಾಂತವ್ವ ತಲೆಯೆತ್ತದೆ ಹೇಳಿದಳು: "ಖರೇನ ರೀ ಮೇಡಮ್ಮಾರ, ಏನೂ ತಿಂದಿಲ್ಲ. ಉಪಾಸ ಇದ್ದೂ ಇದ್ದೂ ಒಣಗಿ ಕಟಗಿ ಆಗ್ಯಾಳ ಅಕ್ಕಾ. ನೋಡ್ರಿ, ಬರೇ ನೂರಾ ಎಂಟ್ ಕೇಜಿ ಉಳದಾಳ."

ಒಲೆಯ ಬಳಿ ಇದ್ದವರೆಲ್ಲ ನಕ್ಕರು; ಗುರುಬಸವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ನೀವು ನಗಲಿಲ್ಲ.

"ಮೂವತ್ತೊಂದ್ ಸಲ, ಅಕ್ಕಾರ."

"ಏನದು ಮೂವತ್ತೊಂದು?"

"ನಿಮ್ಮ ಕೈ ಬಾಯಿಗಿ ಹೋಗಿದ್ದು."

"ಅಯ್ಯ, ಅದು ಹೂರಣದ ರುಚಿ ನೋಡಿದ್ದವಾ. ರುಚಿ ನೋಡೂದು ಊಟಾ ಹೆಂಗಾತು? ಅಕ್ಕಸಾಲಿಗ ಮುಟ್ಟಿದ ಬಂಗಾರೆಲ್ಲ ಅವಂದ ಆಕ್ಕೈತೇನು?"

ನೀವು ಒಂದು ಬಟ್ಟಲು ತೆಗೆದುಕೊಂಡು, ಆಕೆ ತೆಗೆಯುತ್ತಿದ್ದಷ್ಟೇ ಹೂರಣವನ್ನು ಮೂರು ಬೆರಳಿನಿಂದ ಮೂವತ್ತೊಂದು ಸಲ ತೆಗೆದು ಅದರೊಳಗೆ ಹಾಕಿದಿರಿ. ಬಟ್ಟಲು ತುಂಬಿ ಗೋಪುರವಾಯಿತು.

"ಇಷ್ಟನ್ನ ನಾ ತಿಂದ್ನಿ?"

"ಇವತ್ತ ಮುಂಜಾನಿ ತಿಂದ್ರಿ."

ಗುರುಬಸವ್ವ ಸೆರಗಿನಿಂದ ಕೈ ಒರೆಸಿಕೊಂಡು, ಬಟ್ಟಲನ್ನು ಎತ್ತಿ ನೋಡಿ, ಕೆಳಗಿಟ್ಟಳು. "ಹೊಟ್ಟಿಗಿ ಕಡಗ ಹಾಕಿಸಿದ್ರಿ ನೀವು. ಕೈಗಿ ಹಾಕಸಬೇಕಾಗಿತ್ತು."

ಪಟ್ಟಿಯ ದೌರ್ಬಲ್ಯ ಇದು: ಅದು ಒಣರೊಟ್ಟಿಯನ್ನು ತಡೆಯಬಲ್ಲದು, ಬೆಲ್ಲದ ನುಣ್ಣನೆಯ ಹೂರಣವನ್ನು ತಡೆಯಲಾರದು. ಬಿಗಿ ಮಾಡಿದಷ್ಟೂ ಮನುಷ್ಯ ಸುಲಭವಾಗಿ ಜಾರುವುದರ ಕಡೆಗೇ ಹೋಗುತ್ತಾನೆ. ಬೇರೆ ಯಾರೇ ಆಗಿದ್ದರೂ ಆ ಸಂಜೆ 'ರೋಗಿ ಸಹಕರಿಸುತ್ತಿಲ್ಲ' ಎಂದು ಬರೆಯುತ್ತಿದ್ದರು. ನೀವು ಬರೆದದ್ದು: "ತಪ್ಪು ನನ್ನದು. ನಾನು ಊಟದ ಬಗ್ಗೆ ಕೇಳಿದೆ, ಕೆಲಸದ ಬಗ್ಗೆ ಕೇಳಲಿಲ್ಲ."

ಆ ಎರಡು ವಾಕ್ಯಗಳಿಂದ ನಮ್ಮ ವಿದ್ಯೆ ಆರಂಭವಾಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ವಿದ್ಯಾರ್ಥಿಗಳು ಔಷಧವನ್ನು ಮುಟ್ಟುವ ಮೊದಲು, ತಾವು ನೋಡಿಕೊಳ್ಳುವ ಪ್ರತಿಯೊಬ್ಬರ ಕೆಲಸದ ಜಾಗದಲ್ಲಿ ಒಂದು ಇಡೀ ದಿನ ಬಾಯಿ ಮುಚ್ಚಿ ಕುಳಿತಿರಬೇಕು. ಅದಕ್ಕೆ ನಮ್ಮಲ್ಲಿ 'ತಸ್ಲೀಮು' ಎನ್ನುತ್ತಾರೆ. "ನಾಳೆ ನನಗೆ ದೋಣಿಕಟ್ಟೆಯಲ್ಲಿ ತಸ್ಲೀಮಿದೆ, ಟೋಪಿ ಕೊಡು," ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದನ್ನು ನಾನು ಓಣಿಯಲ್ಲಿ ಕೇಳಿದ್ದೇನೆ. ಅದು ಒಬ್ಬ ಹೆಣ್ಣುಮಗಳ ಹೆಸರೆಂಬುದನ್ನು ಅವರಲ್ಲಿ ಅರ್ಧ ಜನ ಮರೆತಿದ್ದಾರೆ. ಇದಕ್ಕಿಂತ ದೊಡ್ಡ ಗೌರವ ಯಾವುದಿದೆಯೋ ನನಗೆ ತಿಳಿಯದು.

ನಿಮ್ಮ ಮಾತಿನ ಮೇಲೆ ವೈದ್ಯರು ಬಳೆಯಿಂದ ನೀರು ತೆಗೆದು ಸಡಿಲ ಮಾಡಿದರು. ರುಚಿ ನೋಡುವ ಕೆಲಸವನ್ನು ಗುರುಬಸವ್ವ ಶಾಂತವ್ವನಿಗೆ ಒಪ್ಪಿಸಿದಳು. ಹೂರಣದ ಹದವನ್ನು ಬೆರಳುಗಳ ನಡುವೆ ತಿಕ್ಕಿ, ಮೂಸಿ, ತಿಳಿಯುವುದನ್ನು ನಲವತ್ತೈದರಲ್ಲಿ ಹೊಸದಾಗಿ ಕಲಿತಳು. ಆ ತಿಂಗಳುಗಳ ಒಂದು ಸಂದೇಶದಲ್ಲಿ ಆಕೆ ಬಿದ್ದು ಬಿದ್ದು ನಗುತ್ತಾಳೆ: "ಈಗ ಶಾಂತವ್ವ ದಪ್ಪಾಗಾಕ್ಹತ್ತಾಳ ತಂಗಿ. ಆಕಿನ್ನೂ ನಿನ್ನ ಕಡೆ ಕಳಸ್ಲೇನು?" ೨೦೧೬ರ ಮಳೆಗಾಲ ಮುಗಿಯುವ ಹೊತ್ತಿಗೆ ತೂಕ ಎಂಬತ್ತಮೂರು. ಒತ್ತಡದ ಮಾತ್ರೆ ನಿಂತಿತ್ತು, ಸಕ್ಕರೆಗೆ ಅರ್ಧ ಮಾತ್ರೆ ಉಳಿದಿತ್ತು. ಆದರೆ ನೆಲದ ಮೇಲೆ ಕೂರಲು ಆಕೆಗಿನ್ನೂ ಧೈರ್ಯವಿರಲಿಲ್ಲ. ಎದ್ದೇಳಲಾಗದಿದ್ದರೆ ನಾಲ್ಕು ಮಂದಿಯ ಮುಂದೆ ನಾಚಿಕೆ ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಬಳೆ ಜಾರಿತು. ಯಾರ ತಪ್ಪೂ ಇಲ್ಲದೆ ಜಾರಿತು. ಮೊದಲ ದಿನವೇ ವೈದ್ಯರು ಹೇಳಿದ್ದ ಅಪಾಯಗಳಲ್ಲಿ ಅದೂ ಒಂದು. ನೀರು ಕುಡಿದರೂ ವಾಂತಿ, ಎದೆಯಡಿ ನೋವು. ಜನವರಿಯಲ್ಲಿ ಅದನ್ನು ತೆಗೆದರು. ಏಪ್ರಿಲ್ಲಿನಲ್ಲಿ ತಕ್ಕಡಿ ತೊಂಬತ್ತೊಂದು ತೋರಿಸಿತು. ಬೇರೆ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರು ಹೇಳಿದಾಗ ಆಕೆ, ಒಂದಿಷ್ಟು ದಿನ ತಡೀರಿ ಎಂದಳಂತೆ. ಆಮೇಲೆ ನಿಮ್ಮ ವಹಿಯಲ್ಲಿ ಒಂದೇ ಪುಟ: "ಬ್ಯಾಂಡು ಹೋಯಿತು. ತೂಕ ಮರಳುತ್ತಿದೆ. ಮೂರು ವರ್ಷ ಆಕೆಗೆ ಆಸೆ ತೋರಿಸಿದೆ. ನನ್ನಿಂದಾಗಲಿಲ್ಲ. ಸೋಮವಾರ ರಾಜೀನಾಮೆ, ಫೋನು, ವಹಿ ಒಪ್ಪಿಸುವುದು."

ನಾನು ಪಟ್ಟಿಯನ್ನು ಹೊಗಳುವುದಕ್ಕೆ ಬರೆಯುತ್ತಿಲ್ಲ, ತಸ್ಲೀಮಾ. ಅದು ಒರಟು ಉಪಾಯ. ಎಷ್ಟೋ ಜನರಿಗೆ ಅದರಿಂದ ನೋವಾಯಿತು. ತೆಗೆದ ನಂತರ ತೂಕ ಪೂರ್ತಿ ಮರಳಿದವರು ಬಹಳ. ಮುಂದೆ ಗುರುಬಸವ್ವನಿಗೆ ಏನಾಯಿತೆಂಬುದೂ ನಮಗೆ ತಿಳಿಯದು, ತಿಳಿದಿದ್ದರೂ ಹೇಳುವಂತಿರಲಿಲ್ಲ. ಆದರೆ ನೀವು ಮೂರು ವರ್ಷದ ಲೆಕ್ಕವನ್ನು ತಕ್ಕಡಿಯ ಒಂದು ಬೆಳಗಿನ ಅಂಕೆಯಿಂದ ಅಳೆಯುತ್ತಿದ್ದೀರಿ. ಇಷ್ಟು ವರ್ಷ ಮಕ್ಕಳೊಡನೆ ಕಳೆದವಳಾಗಿ ಬಲ್ಲೆ: ಶ್ರದ್ಧೆಯುಳ್ಳ ಎಳೆಯರೇ ತಮ್ಮ ಮೇಲೆ ಇಂಥ ಕ್ರೂರ ತಕ್ಕಡಿಗಳನ್ನು ಹಿಡಿಯುವುದು. ಅಶ್ರದ್ಧೆಯವರು ಸುಖವಾಗಿ ನಿದ್ದೆ ಮಾಡುತ್ತಾರೆ.

ಇನ್ನು ನಾನು ಈ ಕಾಗದವನ್ನು ಬರೆಯಲು ಕಾರಣವಾದ ಸಂಗತಿ. ಅದೇ ಪುಟದ ಅಂಚಿನಲ್ಲಿ ಬರೆದಿರುವಂತೆ, ಶುಕ್ರವಾರವೇ ನೀವು ಆ ಫೋನನ್ನು ಸದ್ದಡಗಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೀರಿ. ಇಂದು ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷಕ್ಕೆ ಅದಕ್ಕೊಂದು ಧ್ವನಿಸಂದೇಶ ಬಂದಿದೆ. ನಮ್ಮ ಕೈಗೆ ಸಿಕ್ಕ ಫೋನಿನಲ್ಲಿ ಅದರ ಪಕ್ಕದ ಗುರುತು ಇನ್ನೂ ಹಸಿರಾಗಿದೆ, ಎಂದರೆ ನೀವು ಅದನ್ನು ಕೇಳಲೇ ಇಲ್ಲ. ಆ ಗುರುತನ್ನು ಮುಟ್ಟದೆ, ಬೇರೊಂದು ಉಪಾಯದಿಂದ ನಾವು ಧ್ವನಿಯನ್ನು ತೆಗೆದು ಕೇಳಿದ್ದೇವೆ. ಅದಕ್ಕಾಗಿ ನಿಮ್ಮ ಕ್ಷಮೆ ಬೇಡುತ್ತೇನೆ. ಆರಂಭದಲ್ಲಿ ಬಹಳ ಗದ್ದಲ, ಸ್ಟೀಲ್ ಬಕೆಟ್ಟುಗಳ ಸದ್ದು, ಯಾರೋ "ಹೋಳಿಗಿ, ಹೋಳಿಗಿ" ಎಂದು ಕೂಗುತ್ತ ದಾಟಿಹೋಗುತ್ತಾರೆ. ಆಮೇಲೆ ಆಕೆ:

"ತಂಗಿ, ಫೋನ್ ಯಾಕ ಎತ್ತವಲ್ಲಿ? ನಮ್ಮ ತಂಗಿ ಮಗಳ ಮದುವ್ಯಾಗ ಇದೀನಿ. ಇವತ್ತ ನಾ ಅಡಗಿ ಮಾಡಿಲ್ಲ, ಬೀಗರ ಸಂಗಟ ಪಂಕ್ತಿಗಿ ಕುಂತಿದ್ನಿ. ನೆಲದ ಮ್ಯಾಲ. ಅರ್ಧಾ ಹೋಳಿಗಿ, ಎರಡ ತುತ್ತು ಅನ್ನಾ, ಮುಗೀತು. ಬಡಸಾಂವ ಬಂದು, 'ದೊಡ್ಡವ್ವಾ, ನಿನ್ನ ಹೋಳಿಗಿ ಮುಂದ ಇದು ಸಪ್ಪಿ, ಆದ್ರೂ ಇನ್ನೊಂದ್ ತಗೋ' ಅಂದ. ಎಲಿ ಮ್ಯಾಗ ಕೈ ಅಡ್ಡ ಹಿಡದ್ನಿ. ಒಳಗ ಕಡಗ ಇಲ್ಲ ತಂಗಿ, ಖರೆ, ಆದ್ರ ಸಾಕಾತು. ಅದು ಕಲಿಸಿ ಹೋಗೈತಿ ನೋಡು. ಆಮ್ಯಾಲ ಎದ್ನಿ. ಮೊಣಕಾಲ ಮ್ಯಾಲ ನನ್ನ ಕೈನ ಊರಿ ಎದ್ನಿ. ಬಾಜೂದಾಕಿ ಕೈ ಕೊಡಾಕ ಬಂದ್ಲು, ಬ್ಯಾಡವಾ ಅಂದ್ನಿ. ಯಾರೂ ನೋಡ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ, ನಾ ಏನ್ ಮಾಡಿದ್ನಿ ಅಂತ. ಅದಕ್ಕ ನಿನಗ ಹೇಳಾಕ್ಹತ್ತೀನಿ."

ಇದನ್ನು ನಾನು ಬರೆದುದರಿಂದ ಕೇಳಿದಂತಾಯಿತೆಂದು ತಿಳಿಯಬೇಡಿ. ಆಕೆ ಎದ್ದುನಿಂತ ನಂತರವೂ ಏದುಸಿರು ಬಿಡುತ್ತಿದ್ದಾಳೆ, ಆ ಏದುಸಿರಿನ ನಡುವೆ ನಗುತ್ತಿದ್ದಾಳೆ. ಅದನ್ನು ಬರೆಯಲು ನಿಮ್ಮ ಕನ್ನಡದಲ್ಲೂ ನಮ್ಮ ಕನ್ನಡದಲ್ಲೂ ಅಕ್ಷರಗಳಿಲ್ಲ. ನನ್ನ ವಿನಂತಿ ಒಂದೇ. ನಾಳೆ ರಾಜೀನಾಮೆಯ ಕಾಗದವನ್ನು ಕೊಡುವ ಮೊದಲು ಡ್ರಾಯರು ಎಳೆದು, ಫೋನನ್ನು ಕಿವಿಗೆ ಹಿಡಿದು, ಒಂದು ನಿಮಿಷ ನಲವತ್ತು ಸೆಕೆಂಡು ಕೇಳಿ. ಬೇಕೆನಿಸಿದರೆ ಆಕೆಗೆ ಉತ್ತರ ಕಳಿಸಿ, ಆಕೆ ಕಾಯುತ್ತಿದ್ದಾಳೆ.

ಆಮೇಲೂ ರಾಜೀನಾಮೆ ಕೊಡಬೇಕೆನಿಸಿದರೆ ಕೊಡಿ. ತಡೆಯೋಣವೆಂದರೆ, ನಾನಿನ್ನೂ ಹುಟ್ಟಿಲ್ಲ.